ಅರಿಶಿನದಲ್ಲಿ ಅದ್ದಿದ ಎರಡು ಜೊತೆ

ಕಳೆದ ವಾರ ಅನುಷಾ ಫೋನ್ ಮಾಡಿದ್ದಳು. ನಾನು ನಿವೃತ್ತಿಯಾಗುವವರೆಗೆ ಮಾಡಿದ ಲ್ಯಾಬ್ ಟೆಕ್ನಿಶಿಯನ್ ಕೆಲಸಕ್ಕೆ ಈಗ ಹೊಸದಾಗಿ ಸೇರಿರುವ ಹುಡುಗಿ. ಮಂಗನ ಕಾಯಿಲೆಯ ಕಾಲ ಶುರುವಾಗಿದೆ, ಜ್ವರ ಬಂದವರ ರಕ್ತ ತೆಗೆಯಲು ಕಾಡಂಚಿನ ಊರುಗಳಿಗೆ ಅವಳನ್ನು ಕಳಿಸುತ್ತಿದ್ದಾರೆ. ವಾರಗಟ್ಟಲೆ ಅಲ್ಲೇ ಉಳಿಯಬೇಕು. ಕಾಯಿಲೆ ಬಗ್ಗೆ ಏನೋ ಕೇಳುತ್ತಾಳೆ ಅಂದುಕೊಂಡೆ. ಅದಲ್ಲ.

"ಮೇಡಂ, ಬಟ್ಟೆ ಎಷ್ಟು ಜೊತೆ ಇಟ್ಕೊಳ್ಲಿ? ದೊಡ್ಡ ಟ್ರಾಲಿ ಬ್ಯಾಗ್ ತಗೊಂಡೆ. ಆದ್ರೂ ಹಿಡಿತಾ ಇಲ್ಲ."

"ಚಕ್ರ ಇರೋ ಬ್ಯಾಗಾ? ಮೇಗರವಳ್ಳಿಯಾಚೆ ಕಾಲುದಾರೀಲಿ ಉರುಳಿಸ್ಕೊಂಡು ಹೋಗ್ತೀಯಾ?"

ಅವಳೂ ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ, "ಮೇಡಂ, ನಿಜ ಹೇಳಿ. ನೀವು ಏನು ತಗೊಂಡ್ ಹೋಗ್ತಿದ್ರಿ?" ಅಂದಳು. ಎರಡು ಜೊತೆ ಅಂದೆ. ನಂಬಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಅಂತ ಒಪ್ಪಿಕೊಂಡೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ವರ್ಗ ಎಲ್ಲಿಗಾಯಿತು ಅನ್ನುವುದೆಲ್ಲ ಅವಳಿಗೆ ಯಾತಕ್ಕೆ? ಚೀಲದ ಕಥೆ ಹೇಳಿದರೆ ಕೆಲಸದ ಕಥೆ ಹೇಳಿದ ಹಾಗೆಯೇ.

ನನ್ನ ಮೊದಲ ಚೀಲ ಚೀಲವೇ ಅಲ್ಲ, ಸೂಟ್‌ಕೇಸು. ಮದುವೆಗೆ ತವರಿನವರು ಕೊಟ್ಟದ್ದು. ಹೊಸನಗರದ ಹತ್ತಿರ ಗೇಣಿದಾರರ ಮನೆಯಲ್ಲಿ ಹುಟ್ಟಿ, ಓದಿ, ಸರ್ಕಾರಿ ಕೆಲಸ ಹಿಡಿದ ನಮ್ಮ ಕುಟುಂಬದ ಮೊದಲ ಹೆಣ್ಣು ನಾನು. ಅಮ್ಮನಿಗೆ ಅದರ ಹೆಮ್ಮೆ ಅಷ್ಟಿಷ್ಟಲ್ಲ. "ಊಟ ತನ್ನಿಚ್ಛೆ, ನೋಟ ಪರರಿಚ್ಛೆ" ಅನ್ನುತ್ತಾ ಸೂಟ್‌ಕೇಸಿಗೆ ತಾನೇ ಸೀರೆ ತುಂಬಿದಳು. ದಿನಕ್ಕೊಂದು ಸೀರೆ, ಸೀರೆಗೊಂದು ರವಿಕೆ, ಅದಕ್ಕೆ ಹೊಂದುವ ಬಳೆ. ಎಲ್ಲವೂ ಗಾಢ ಬಣ್ಣ. ಮೆರೂನ್, ಬಾಟಲಿ ಹಸಿರು, ಕಾಫಿಪುಡಿ ಬಣ್ಣ. "ಕಾಡಿಗೆ ಹೋಗೋಳು ನೀನು. ಕೊಳೆ ಕಾಣ್ದಿರೋದು ಉಡ್ಬೇಕು" ಅನ್ನುವುದು ಅವಳ ಲೆಕ್ಕಾಚಾರ. ನಮ್ಮ ಕಡೆ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು. ಸೊಪ್ಪು ತರಲು, ಸೌದೆಗೆ ಹೋಗುವ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು.

ಕೊಳೆ ಕಾಣಲಿಲ್ಲ, ನಿಜ. ಬೇರೆಯದೂ ಕಾಣಲಿಲ್ಲ.

ಘಟ್ಟದ ಕೆಳಗಿನವರು ಓದಿದರೆ ತಿಳಿಯಲಿ ಅಂತ ಒಂದು ಮಾತು. ಮಂಗನ ಕಾಯಿಲೆ ಅನ್ನುವುದು ಮಳೆ ಕಳೆದು ಕಾಡು ಒಣಗಿದ ಮೇಲೆ ಬರುವ ಜ್ವರ. ಮಂಗ ಸಾಯುತ್ತದೆ, ಅದರ ಮೈಮೇಲಿದ್ದ ಉಣುಗು ಕೆಳಗೆ ಬಿದ್ದ ಒಣ ಎಲೆಗಳಲ್ಲಿ ಹರಡುತ್ತದೆ. ದನದ ಕಿವಿಯಲ್ಲಿ ಕಚ್ಚಿಕೊಂಡಿರುತ್ತದಲ್ಲ, ಅದೇ ಉಣುಗು. ಮರಿ ಉಣುಗು ಅಂದರೆ ಎಳ್ಳಿಗಿಂತ ಸಣ್ಣದು. ಕಾಡಿಗೆ ಹೋದವರ ಬಟ್ಟೆ ಹತ್ತಿ, ಮೈ ಸೇರಿ ಕಚ್ಚುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಅಲ್ಲ. ಆದರೆ ಬಟ್ಟೆಯಲ್ಲಿ ಕೂತು ಉಣುಗು ಮನೆಗೆ ಬಂದರೆ ಯಾರನ್ನಾದರೂ ಕಚ್ಚಬಹುದು.

ಮೊದಲ ಸಲ ತೀರ್ಥಹಳ್ಳಿ ಕಡೆಗೆ ಹೋಗಿದ್ದೆವು. ದಿನಾ ಒಂದು ಕಡೆಯವರೆಗೆ ಜೀಪು, ಮುಂದಕ್ಕೆ ನಡಿಗೆ. ಸೂಟ್‌ಕೇಸನ್ನು ನಾವು ತಂಗಿದ್ದ ಶಾಲೆಯ ಕೋಣೆಯಲ್ಲಿಟ್ಟು, ದಿನಾ ಬೆಳಿಗ್ಗೆ ಇವತ್ತು ಯಾವ ಸೀರೆ ಅಂತ ಅದರ ಮುಂದೆ ಕೂತುಕೊಳ್ಳುತ್ತಿದ್ದೆ. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮನೆಮನೆಗೆ ಹೋಗಿ ರಕ್ತ ತೆಗೆದೆ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಕೊಟ್ಟು, ಅದನ್ನು ಹೇಗೆ ಹಚ್ಚಬೇಕು ಅಂತ ಗಂಟಲು ಒಣಗುವವರೆಗೆ ವಿವರಿಸಿದೆ. ಮಾರನೆಯ ದಿನ ಅದೇ ಮನೆಗೆ ಹೋದರೆ ಎಣ್ಣೆ ಸೀಸೆ ಇಟ್ಟಲ್ಲೇ ಇತ್ತು. ಮನೆಯೊಡತಿ ನನ್ನನ್ನು ಕಂಡವಳೇ, "ನಿನ್ನೆ ಉಟ್ಟಿದ್ದು ಎಲ್ಲಿ ತಗೊಂಡ್ರಿ? ಅಂಚು ಚಂದ ಇತ್ತು" ಅಂದಳು. ನಾನು ಹೇಳಿದ ಒಂದು ಮಾತೂ ಅವಳ ತಲೆಯಲ್ಲಿ ಉಳಿದಿರಲಿಲ್ಲ, ಸೀರೆಯ ಅಂಚು ಮಾತ್ರ ಉಳಿದಿತ್ತು.

ನಮ್ಮ ಮನೆಯಿದ್ದ ಸಾಗರಕ್ಕೆ ಮರಳಿದ ದಿನ, ಮೂರು ವರ್ಷದ ಮಗಳು ವೀಣಾ ಓಡಿಬಂದು ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು. ವಾರದಿಂದ ಅಮ್ಮನನ್ನು ಕಾಣದ ಕೂಸು. ಬಟ್ಟೆ ಬದಲಿಸದೆ ಅವಳನ್ನು ಮಡಿಲಲ್ಲೇ ಮಲಗಿಸಿಕೊಂಡೆ. ಮರುದಿನ ತಲೆಗೆ ಎಣ್ಣೆ ಹಚ್ಚುವಾಗ ನನ್ನ ಅತ್ತೆ ಹುಚ್ಚಮ್ಮ ಕೂಗಿದರು.

"ಸುಮಿತ್ರಾ, ಇಲ್ನೋಡು. ಕೂಸಿನ ಕಿವಿ ಹಿಂದೆ ಎಂತದಿದು?"

ಉಣುಗು. ಚಿಮಟದಲ್ಲಿ ನಾನೇ ಕಿತ್ತೆ. ಮೆರೂನ್ ಸೀರೆಯನ್ನು ಬಿಸಿಲಿಗೆ ಹಿಡಿದು ನೆರಿಗೆ ನೆರಿಗೆ ಬಿಡಿಸಿ ಹುಡುಕಿದರೆ ಇನ್ನೂ ಸಿಕ್ಕವು. ಕಣ್ಣಿಗೆ ಕಾಣುತ್ತಿರಲಿಲ್ಲ, ಬೆರಳಿಗೆ ತಾಗುತ್ತಿದ್ದವು. ನಾಲ್ಕೈದು ದಿನ ಕಳೆದು ಮಗುವಿಗೆ ಜ್ವರ ಬಂತು.

ಊರಿನವರ ರಕ್ತವನ್ನೆಲ್ಲ ತೆಗೆದ ನನಗೆ ಮಗಳ ತೋಳಿಗೆ ಸೂಜಿ ಹಾಕಲು ಕೈ ಬರಲಿಲ್ಲ, ಸಹೋದ್ಯೋಗಿಯೊಬ್ಬಳು ಹಾಕಿದಳು. ಮಾದರಿ ಶಿವಮೊಗ್ಗಕ್ಕೆ ಹೋಯಿತು. ಉತ್ತರ ಬರುವವರೆಗೆ ಅತ್ತೆ ನನ್ನೊಡನೆ ಮಾತಾಡಲಿಲ್ಲ, ನನ್ನ ಗಂಡ ಬಸ್ ಆಫೀಸಿನ ಕೆಲಸಕ್ಕೆ ಹೋಗಲಿಲ್ಲ. ಮಗಳಿಗೇನಾದರೂ ಆದರೆ ಈ ಕೆಲಸಕ್ಕೆ ಮತ್ತೆ ಕಾಲಿಡುವುದಿಲ್ಲ ಅಂತ ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ಮಂಗನ ಕಾಯಿಲೆ ಅಲ್ಲ, ಬರೀ ಶೀತಜ್ವರ. ವರದಿ ಕೈಗೆ ಬಂದಾಗ ನಾನು ಲ್ಯಾಬಿನ ಸ್ಟೂಲಿನ ಮೇಲೆ ಕೂತು ಜೋರಾಗಿ ಅತ್ತುಬಿಟ್ಟೆ. ಅತ್ತದ್ದಕ್ಕೆ ನಾಚಿಕೆಯಾಗಲಿಲ್ಲ. ಮನೆಗೆ ಬಂದು ಹೇಳಿದರೆ ಅತ್ತೆ ಒಲೆಯ ಮುಂದಿನಿಂದ ಏಳದೆ, "ಇನ್ನು ಕೆಲ್ಸ ಬಿಡು" ಅಂದರು.

ಬಿಡುವುದಕ್ಕೆ ಆಗುತ್ತಿರಲಿಲ್ಲ. ಹಾಗಂತ ಉಣುಗು ಹೊತ್ತು ಮನೆಗೆ ಬರಲೂ ಆಗುತ್ತಿರಲಿಲ್ಲ. ಇದೇ ಯೋಚನೆಯಲ್ಲಿದ್ದಾಗ ಕಾಡಿನಲ್ಲಿ ನಾಗಪ್ಪಣ್ಣನ ಕೆಲಸ ಕಣ್ಣಿಗೆ ಬಿತ್ತು. ಅವನು ಕೀಟ ಹಿಡಿಯುವ ತಂಡದವನು. ಬಿಳಿ ಉಣ್ಣೆಬಟ್ಟೆಯನ್ನು ಕೋಲಿಗೆ ಕಟ್ಟಿ ಎಲೆಗಳ ಮೇಲೆ ಎಳೆದುಕೊಂಡು ಹೋಗುತ್ತಾನೆ, ಉಣುಗು ಅದಕ್ಕೆ ಅಂಟುತ್ತವೆ, ಎಣಿಸಿ ಸೀಸೆಗೆ ಹಾಕುತ್ತಾನೆ. ನಾನು ಅದನ್ನು ಎಷ್ಟೋ ಸಲ ನೋಡಿದ್ದೆ. ಅವತ್ತು ಮಾತ್ರ ನೋಡುತ್ತಾ ನಿಂತುಬಿಟ್ಟೆ. ಬಿಳಿಯ ಮೇಲೆ ಒಂದೊಂದು ಉಣುಗೂ ಅನ್ನದಲ್ಲಿ ಸಿಕ್ಕ ಸಾಸಿವೆಯ ಹಾಗೆ ಕಾಣುತ್ತಿತ್ತು.

"ಎಂತ ಮೇಡಂ ಹಂಗ್ ನೋಡ್ತೀರಿ?"

"ನಾಗಪ್ಪಣ್ಣ, ನಾನೂ ಹಿಂಗೇ ಬಟ್ಟೆ ಹಾಕ್ಕೊಂಡ್ರೆ?"

"ನಿಮ್ಮನ್ನೇ ಎಳ್ಕೊಂಡು ಹೋಗ್ಬಹುದು. ಕೋಲು ಉಳಿತು" ಅಂದ.

ಸಾಗರದ ದರ್ಜಿಯ ಹತ್ತಿರ ಹೋದೆ. ಒಂದೇ ಥಾನಿನ ಬಿಳಿ ಕಾಟನ್, ಒಂದೇ ಅಳತೆಯ ಎರಡು ಚೂಡಿದಾರ ಅಂದೆ. ನೆರಿಗೆ ಬೇಡ, ಪೈಪಿಂಗ್ ಬೇಡ, ಕುತ್ತಿಗೆಗೆ ಡಿಸೈನ್ ಬೇಡ. ಕಾಲಿನ ಕೊನೆ ಕಾಲುಚೀಲದೊಳಗೆ ತೂರುವಷ್ಟು ಬಿಗಿ ಇರಬೇಕು. ಅವನಿಗೆ ಅವಮಾನವಾದ ಹಾಗಾಯಿತು. "ಮೇಡಂ, ಜೈಲಿನವ್ರಿಗೂ ಗೆರೆ ಇರೋದು ಕೊಡ್ತಾರೆ. ಒಂದು ಲೇಸಾದ್ರೂ ಇಡ್ಲಾ?" ಅಂತ ಗೋಗರೆದ. ಬೇಡ ಅಂದೆ.

ಬಟ್ಟೆ ತಂದು ಹಗ್ಗದ ಮೇಲೆ ಹರವಿದ್ದೇ ತಡ, ಮನೆಯಲ್ಲಿ ಕುರುಕ್ಷೇತ್ರ. ಚೂಡಿದಾರ ಅನ್ನುವುದನ್ನು ಅತ್ತೆ ಹೇಗೋ ನುಂಗಿಕೊಂಡರು. ಬಿಳಿಯನ್ನು ನುಂಗಲಿಲ್ಲ.

"ನನ್ನ ಮಗ ಬದ್ಕಿದಾನೆ. ಮುತ್ತೈದೆ ನೀನು, ಅಡಿಯಿಂದ ಮುಡಿವರೆಗೆ ಬಿಳಿ ಹಾಕ್ಕೊಂಡು ಊರ್ ಮೇಲೆ ತಿರುಗ್ತೀಯ? ನಾ ಸತ್ಮೇಲೆ ಹಾಕ್ಕ."

"ಅತ್ತೆ, ಉಣುಗು ಕಾಣ್ಬೇಕಲ್ಲ."

"ಅದು ಕಾಣಕ್ಕೆ ನನ್ನ ಮಗ ಸಾಯ್ಬೇಕಾ?"

ಗಂಡ ಮಧ್ಯೆ ಬಂದು, "ಅವ್ವ, ನನಗೇನೂ ಆಗಲ್ಲ" ಅಂದ. "ನೀ ಸುಮ್ನಿರು" ಅಂತ ಇಬ್ಬರೂ ಒಟ್ಟಿಗೇ ಅಂದೆವು. ಆ ಮನೆಯಲ್ಲಿ ನಾನು, ಅತ್ತೆ ಮೊದಲ ಸಲ ಒಂದೇ ಮಾತು ಆಡಿದ್ದು ಅವತ್ತೇ ಇರಬೇಕು.

ಎರಡು ದಿನ ಬಟ್ಟೆ ಹಗ್ಗದ ಮೇಲೇ ಇತ್ತು. ನಾಳೆ ಹೊರಡಬೇಕು, ಹಳೆಯ ಸೂಟ್‌ಕೇಸನ್ನೇ ತೆಗೆಯುವುದು ಅನ್ನುವ ಸ್ಥಿತಿ. ಲ್ಯಾಬಿನಿಂದ ಬಂದು ನೋಡಿದರೆ ಹಗ್ಗ ಖಾಲಿ. ಹಿತ್ತಲಿನಲ್ಲಿ ಅತ್ತೆ ಬಚ್ಚಲೊಲೆಯ ಮುಂದೆ ಕೂತು, ದೊಡ್ಡ ಪಾತ್ರೆಯಲ್ಲಿ ಏನನ್ನೋ ಕೋಲಿನಿಂದ ತಿರುವುತ್ತಿದ್ದರು. ಅರಿಶಿನದ ವಾಸನೆ. ನನ್ನ ಎರಡೂ ಜೊತೆ ಅದರಲ್ಲಿ ಮುಳುಗಿದ್ದವು. ಅವರ ಕೈ ಮೊಣಕೈವರೆಗೆ ಹಳದಿ.

ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸದೆ ನಮ್ಮಲ್ಲಿ ಯಾರೂ ಉಡುವುದಿಲ್ಲ. ಅತ್ತೆ ಮೂಲೆಗೆ ನಿಲ್ಲಿಸದೆ ಇಡೀ ಬಟ್ಟೆಯನ್ನೇ ಅದ್ದಿದ್ದರು. ಹಿಂಡಿ ಹರವಿದ ಮೇಲೆ ಒಂದು ಕರಿ ಎಳ್ಳು ತಂದು ತೋಳಿನ ಮೇಲಿಟ್ಟರು. ದೂರ ಸರಿದು ನಿಂತು ನೋಡಿದರು.

"ಕಾಣ್ತದಾ?"

"ಕಾಣ್ತದೆ ಅತ್ತೆ."

"ಹಂಗಾದ್ರೆ ಇದನ್ನೇ ಹಾಕ್ಕ. ಮತ್ತೆ ಆ ಪೆಟ್ಟಿಗೆ ಬಿಟ್ಟೋಗು. ಮುಳುಗಡೇಲಿ ನಮಗೂ ಹೊತ್ಕೊಂಡು ಬರಕ್ಕಾಗಿದ್ದು ಒಂದು ಗಂಟು. ಅಷ್ಟ್ರಲ್ಲೇ ಬದುಕಿದ್ವಿ."

ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ, ಅತ್ತೆ ಮದುವೆಯಾಗಿ ಸೇರಿದ ಮೊದಲ ಮನೆ ಮುಳುಗಿತ್ತು. ಅದರ ಬಗ್ಗೆ ಅವರು ಬಾಯಿ ಬಿಟ್ಟದ್ದು ಕಡಿಮೆ. ನನ್ನ ಚೀಲ ಹಗುರಾಗಲಿ ಅಂತ ಅವತ್ತು ಅಷ್ಟು ಹೇಳಿದರು. ನನಗೆ ಅವರ ಹಳದಿ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹಿಡಿದುಕೊಳ್ಳಲಿಲ್ಲ, ಕಾಫಿ ಮಾಡಿಕೊಟ್ಟೆ.

ಅಲ್ಲಿಂದ ಮುಂದೆ ನನ್ನ ಚೀಲ ಅಂದರೆ ಹೆಗಲಿಗೆ ಹಾಕುವ ಬಟ್ಟೆಯ ಚೀಲ. ಮೈಮೇಲೆ ಒಂದು ಜೊತೆ, ಚೀಲದಲ್ಲಿ ಒಂದು ಜೊತೆ, ಮಲಗಲು ಒಂದು ನೈಟಿ. ಕಟ್ಟಲು ಹೊತ್ತೇ ಬೇಡ. ಬೆಳಿಗ್ಗೆ ಏಳುವುದು, ಒಣಗಿದ್ದನ್ನು ಹಾಕಿಕೊಳ್ಳುವುದು, ಹೊರಡುವುದು. ಡ್ರೈವರ್ ಹಾರ್ನ್ ಹೊಡೆಯುವ ಮೊದಲೇ ನಾನು ಜೀಪಿನ ಹತ್ತಿರ ನಿಂತಿರುತ್ತಿದ್ದೆ. ಯಾವ ಸೀರೆ, ಯಾವ ಬಳೆ, ನಿನ್ನೆ ಉಟ್ಟದ್ದೇ ಆಯಿತಾ ಅನ್ನುವ ಲೆಕ್ಕವೆಲ್ಲ ತಲೆಯಿಂದ ಇಳಿದುಹೋಯಿತು. ತಲೆಹೊರೆಯನ್ನು ಕಟ್ಟೆಯ ಮೇಲೆ ಇಳಿಸಿದವರಿಗೆ ಆ ಸುಖ ಗೊತ್ತು.

ಎಡವಟ್ಟೂ ಆಯಿತು. ಹೊಸನಗರದ ಕಡೆಯ ಒಂದು ಊರಿನಲ್ಲಿ ಬಾವಿಕಟ್ಟೆಯ ಮೇಲೆ ಬಟ್ಟೆಗೆ ಬಾರ್ ಸೋಪು ಉಜ್ಜಿದೆ. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಅಂತ ಲ್ಯಾಬಿನಲ್ಲಿ ಬಣ್ಣ ಬದಲಿಸುವ ಪರೀಕ್ಷೆಗಳನ್ನೇ ಮಾಡುವ ನನಗೆ ಹೊಳೆಯಬೇಕಿತ್ತು. ಕಣ್ಣೆದುರೇ ಇಡೀ ಬಟ್ಟೆ ಕೆಂಪು ಕೆಂಪು. ನೀರು ಸೇದಲು ಬಂದ ಹೆಂಗಸೊಬ್ಬಳು ಕೊಡ ಅಲ್ಲೇ ಬಿಟ್ಟು ಓಡಿದಳು. ರಕ್ತ ತೆಗೆಯೋ ಅಮ್ಮನ ಬಟ್ಟೆ ತುಂಬ ರಕ್ತ, ಒಬ್ಬೊಬ್ಬರಿಂದ ಚೆಂಬುಗಟ್ಟಲೆ ತೆಗೀತಾಳಂತೆ ಅಂತ ಊರೆಲ್ಲ ಸುದ್ದಿ. ಮಾರನೆಯ ದಿನ ಯಾವ ಮನೆಯ ಬಾಗಿಲೂ ತೆರೆಯಲಿಲ್ಲ. ಕೊನೆಗೆ ಶಾಲೆಯ ಅಂಗಳದಲ್ಲಿ ಹೆಂಗಸರನ್ನೆಲ್ಲ ಕರೆದು, ಅರಿಶಿನ ಹಚ್ಚಿದ ಬಟ್ಟೆಗೆ ಸೋಪು ಹಾಕಿ ಕೆಂಪು ಮಾಡಿ, ಅದಕ್ಕೇ ನಿಂಬೆಹಣ್ಣು ಹಿಂಡಿ ಹಳದಿ ಮಾಡಿ ತೋರಿಸಿದೆ. ಮಂತ್ರವಾದಿಯ ಆಟ ನೋಡಿದ ಹಾಗೆ ನಕ್ಕರು. ಓಡಿಹೋಗಿದ್ದವಳೇ ಮೊದಲು ತೋಳು ಚಾಚಿದಳು. ಅಲ್ಲಿಂದಾಚೆ ಸೋಪು ಬಿಟ್ಟು ಬಿಸಿನೀರು, ಅಂಟುವಾಳಕಾಯಿ.

ಒಬ್ಬ ಮೇಲಧಿಕಾರಿಯ ಬಗ್ಗೆಯೂ ಹೇಳಬೇಕು. ಬೇರೆ ಜಿಲ್ಲೆಯಿಂದ ಬಂದ ಡಾಕ್ಟರಮ್ಮ. ಗಂಜಿ ಹಾಕಿ ಇಸ್ತ್ರಿ ಮಾಡಿದ ನೀಲಿ ಸೀರೆ, ಮುಖದಲ್ಲೂ ಅದೇ ಇಸ್ತ್ರಿ. ಮೀಟಿಂಗಿಗೆ ನಾನು ಕ್ಯಾಂಪಿನಿಂದ ನೇರ ಹೋಗಿದ್ದೆ. "ಇದೇನ್ರೀ ವೇಷ? ಬೇರೆ ಬಟ್ಟೆ ಇಲ್ವಾ?" ಅಂದರು.

"ಇದೆ ಮೇಡಂ. ಅದೂ ಇಂಥದ್ದೇ."

ಎಲ್ಲರೂ ನಕ್ಕರು, ಅವರು ನಗಲಿಲ್ಲ. ನೋಡೋಣ ಅಂತ ಮರುವಾರ ತಾವೇ ಕಾಡಿಗೆ ಬಂದರು, ಅದೇ ನೀಲಿ ಸೀರೆಯಲ್ಲಿ. ಮಧ್ಯಾಹ್ನ ಬಂಡೆಯ ಮೇಲೆ ಕೂತು ಡಬ್ಬಿ ಬಿಚ್ಚಿದಾಗ ನಾನು ನನ್ನ ತೋಳಿನ ಮೇಲಿಂದ ಉಣುಗು ಹೆಕ್ಕಿ ಸೀಸೆಗೆ ಹಾಕುತ್ತಿದ್ದೆ. ಅವರು ಅದನ್ನು ನೋಡಿದರು, ತಮ್ಮ ಸೀರೆ ನೋಡಿಕೊಂಡರು, ತುತ್ತು ಕೆಳಗಿಟ್ಟರು.

"ಸುಮಿತ್ರಾ, ನನ್ನ ಮೇಲೂ ಇದಾವಾ?"

"ಗೊತ್ತಾಗಲ್ಲ ಮೇಡಂ."

"ನಿನ್ನ ಇನ್ನೊಂದು ಜೊತೆ ಎಲ್ಲಿ?"

ಅವರು ನನಗಿಂತ ಗೇಣುದ್ದ ಎತ್ತರ. ನನ್ನ ಪೈಜಾಮ ಅವರ ಮೊಣಕಾಲಿನಿಂದ ಸ್ವಲ್ಪ ಕೆಳಗೆ ನಿಂತಿತು. ಉಳಿದ ಜಾಗಕ್ಕೆ ನಾಗಪ್ಪಣ್ಣ ತನ್ನ ಉದ್ದದ ಕಾಲುಚೀಲ ಕೊಟ್ಟ. ಹಾಗೇ ಸಂಜೆವರೆಗೆ ತಿರುಗಿದರು. ಒಂದು ಮನೆಯ ಅಜ್ಜಿ ನಮ್ಮಿಬ್ಬರನ್ನೂ ನೋಡಿ, "ಅಕ್ಕ ತಂಗೀರಾ?" ಅಂದಾಗ ಡಾಕ್ಟರಮ್ಮ ಮೊದಲ ಸಲ ನಕ್ಕರು. "ಹೌದಜ್ಜಿ, ನಾನು ಚಿಕ್ಕೋಳು" ಅಂದರು. ಆಮೇಲೆ ತಿಳಿ ಬಣ್ಣದ ಎರಡು ಜೊತೆ ಹೊಲಿಸಿಕೊಂಡರು. ಅರಿಶಿನ ಮಾತ್ರ ಹಾಕಲಿಲ್ಲ, ಪಾಪ, ಅವರಿಗೆ ಅತ್ತೆ ಇರಲಿಲ್ಲ.

ಒಂದೇ ಬಟ್ಟೆ ಆದ ಮೇಲೆ ಜನ ಬಟ್ಟೆಯ ಬಗ್ಗೆ ಕೇಳುವುದು ಬಿಟ್ಟರು, ಎಣ್ಣೆಯ ಬಗ್ಗೆ ಕೇಳತೊಡಗಿದರು. ದೂರದ ಗದ್ದೆಯ ಬದುವಿನ ಮೇಲೆ ಹಳದಿ ಕಂಡರೆ ಸಾಕು, ನಾಯಿ ಕಟ್ಟುತ್ತಿದ್ದರು. ಕೂಲಿಗೆ ಹೊರಟವರು ತಡೆದು ನಿಲ್ಲುತ್ತಿದ್ದರು. ಒಂದು ಸಲ ಅಣೆಕಟ್ಟಿನ ಹಿನ್ನೀರಿನ ಆಚೆ ದಡದಲ್ಲಿ ಒಬ್ಬಾಕೆ ನನ್ನ ಬಟ್ಟೆ ಗುರುತಿಸಿ ಟವೆಲು ಬೀಸಿದಳು. ಲಾಂಚಿನಲ್ಲಿ ದಾಟಿ ಹೋದರೆ ಅವಳ ಗಂಡನಿಗೆ ಜೋರು ಜ್ವರ, ಆಸ್ಪತ್ರೆಗೆ ಬರಲ್ಲ ಅಂತ ಹಟ. ಬೈದು ಎಬ್ಬಿಸಿಕೊಂಡು ಬಂದೆವು. ಉಳಿದ. ಆಮೇಲೆ ನನ್ನ ಮಗಳ ಮದುವೆಗೂ ಬಂದು ಉಂಡ. ರೇಷ್ಮೆ ಸೀರೆಯಲ್ಲಿದ್ದ ನನ್ನನ್ನು ಗುರುತಿಸದೆ, ನನ್ನನ್ನೇ "ಹಳದಿ ಅಮ್ಮ ಎಲ್ಲಿದಾರೆ?" ಅಂತ ಕೇಳಿದ.

ಈಗ ಕ್ರಮ ಎಷ್ಟೋ ಬದಲಾಗಿದೆ ಅನುಷಾ. ಮಂಗ ಸತ್ತರೆ ಫೋಟೋ ತೆಗೆದು ಕಳಿಸುತ್ತಾರೆ. ಮುಟ್ಟುವವರಿಗೆ ತಲೆಯಿಂದ ಕಾಲಿನವರೆಗೆ ಕಿಟ್ ಇದೆ. ವರದಿ ಬೇಗ ಬರುತ್ತದೆ. ಇದೆಲ್ಲ ಒಳ್ಳೆಯದೇ, ನಮ್ಮ ಕಾಲವೇ ಚಂದ ಅಂತ ನಾನು ಹೇಳುವವಳಲ್ಲ. ಆದರೆ ಉಣುಗು ಬದಲಾಗಿಲ್ಲ. ತಿಳಿ ಬಣ್ಣ, ಎರಡು ಜೊತೆ, ನೆರಿಗೆ ಇಲ್ಲದ್ದು. ಬಣ್ಣ ಯಾವುದೋ ನಿನ್ನಿಷ್ಟ. ಮೂರನೆಯದೊಂದು ಇರಲಿ ಅನ್ನಿಸುತ್ತದೆ, ಇಡಬೇಡ. ಇನ್ನೊಂದು ಮುಖ್ಯ. ಎಂಥ ಬಟ್ಟೆ ಹಾಕಿದರೂ ನಮ್ಮ ಬೆನ್ನು ನಮಗೆ ಕಾಣುವುದಿಲ್ಲ. ಅದನ್ನು ನೋಡಲು ಒಬ್ಬರು ಬೇಕು.

ನನಗೆ ಅತ್ತೆ ಇದ್ದರು. ಕ್ಯಾಂಪಿನಿಂದ ಬಂದರೆ ಎದುರು ಬಾಗಿಲಿನಿಂದ ಪ್ರವೇಶವಿಲ್ಲ, ಹಿತ್ತಲಿಗೇ ಹೋಗಬೇಕು. ಬಚ್ಚಲೊಲೆಯ ಮೇಲೆ ನೀರು ಕುದಿಯುತ್ತಿರುತ್ತಿತ್ತು. ವೀಣಾಳನ್ನು ಒಳಗೆ ಕೂಡಿಹಾಕಿ, ನನ್ನನ್ನು ಬೆಳಕಿಗೆ ನಿಲ್ಲಿಸಿ, "ತಿರುಗು" ಅನ್ನುತ್ತಿದ್ದರು. ಕೊರಳ ಪಟ್ಟಿ, ಕಂಕುಳ ಹೊಲಿಗೆ, ಸೊಂಟ, ಕಿವಿಯ ಹಿಂದೆ, ಜಡೆಯ ಬುಡ. ಸಿಕ್ಕಿದ್ದು ಒಲೆಗೆ. ಕೊನೆಗೆ, "ಎಂತದೂ ಇಲ್ಲ. ಒಳಗ್ ಬಾ." ಆ ಮಾತು ಕೇಳುವವರೆಗೆ ನಾನು ಉಸಿರು ಪೂರ್ತಿ ಬಿಡುತ್ತಿರಲಿಲ್ಲ. ದೀಪಾವಳಿ ಕಳೆಯುತ್ತಲೇ ಅರಿಶಿನ ಕಲಸುವುದು, ಬೇಸಿಗೆ ಮುಗಿಯುವವರೆಗೆ ಬೆನ್ನು ನೋಡುವುದು, ಇಷ್ಟನ್ನು ಅವರು ಒಂದು ವರ್ಷವೂ ತಪ್ಪಿಸಲಿಲ್ಲ. ಕೆಲಸ ಬಿಡು ಅಂತ ಮತ್ತೆ ಹೇಳಲೂ ಇಲ್ಲ.

ನಿವೃತ್ತಿಯ ದಿನ ಸಾಗರದಲ್ಲಿ ಸಣ್ಣ ಸಮಾರಂಭ. ಮಗಳು ಕೊಡಿಸಿದ ಮೆರೂನ್ ರೇಷ್ಮೆ ಸೀರೆ ಉಟ್ಟಿದ್ದೆ. ಹಾರ, ಶಾಲು, ಫಲತಾಂಬೂಲ. ಸಂಜೆ ಆಟೋದಲ್ಲಿ ಬಂದು ಎದುರು ಬಾಗಿಲಿಗೆ ಕೈ ಹಾಕಿದೆ. ಚಿಲಕ ಹಾಕಿತ್ತು. ಒಳಗಿಂದ ಅತ್ತೆಯ ದನಿ. ಅವರಿಗೆ ಆಗ ಕಣ್ಣು ಬಹಳ ಮಂಜು.

"ಹಿತ್ಲಿಂದ ಬಾ."

"ಅತ್ತೆ, ಕಾಡಿಗೆ ಹೋಗಿರ್ಲಿಲ್ಲ. ಸನ್ಮಾನಕ್ಕೆ ಹೋಗಿದ್ದೆ."

"ಗೊತ್ತು. ಬಾ."

ಹಾರದ ಸಮೇತ ಹಿತ್ತಲಿಗೆ ಹೋದೆ. ಬಚ್ಚಲೊಲೆ ಉರಿಯುತ್ತಿತ್ತು. ಗೋಡೆ ಹಿಡಿದುಕೊಂಡು ಬಂದು ನಿಂತರು.

"ತಿರುಗು."

ಕಣ್ಣು ಕಾಣದ್ದಕ್ಕೆ ಬೆರಳಲ್ಲೇ ನೋಡಿದರು. ಕೊರಳು, ಸೊಂಟ, ಕಿವಿಯ ಹಿಂದೆ. ಜಡೆಯ ಬುಡದಲ್ಲಿ ಬೆರಳು ನಿಂತಿತು. ಏನೋ ಚಿವುಟಿ ತೆಗೆದರು. ಕಾಡಿನ ಸುಳಿವೂ ಇಲ್ಲದ ಆ ಸಂಜೆಯೂ ನಾನು ಗಾಬರಿಯಿಂದ ತಿರುಗಿದೆ.

"ಎಂತದತ್ತೆ?"

ಬೆರಳ ತುದಿಯಲ್ಲಿ ಹೊರಳಿಸಿ, ಮೂಸಿ ನೋಡಿದರು. "ಹೂವಿನ ತೊಟ್ಟು" ಅಂದರು. ಆದರೂ ಅದನ್ನು ಒಲೆಗೇ ಹಾಕಿದರು. ಆಮೇಲೆ ನನ್ನ ಎರಡೂ ಭುಜದ ಮೇಲೆ ಕೈಯಿಟ್ಟರು. ಹಿಂದೆ ಒಂದು ದಿನವೂ ಹಾಗೆ ಇಟ್ಟಿರಲಿಲ್ಲ.

"ಎಂತದೂ ಇಲ್ಲ. ಒಳಗ್ ಬಾ."